ಕೋಟೆ ಗೋಡೆಯ ಬೆರಕೆಸೊಪ್ಪು

ನಂದಿಬೆಟ್ಟದ ನೆತ್ತಿಯ ಮಂಜು ಇನ್ನೂ ಕರಗಿಲ್ಲ. ದೇವನಹಳ್ಳಿ ಕೋಟೆಯ ಹೊರಮೈಯಲ್ಲಿ, ನೆಲದಿಂದ ಎರಡಾಳು ಎತ್ತರಕ್ಕೆ, ಪಿಳ್ಳಮ್ಮ ಆಗಲೇ ನೇತಾಡುತ್ತಿದ್ದಾರೆ. ಕಚ್ಚೆ ಹಾಕಿದ ಸೀರೆ, ಸೊಂಟಕ್ಕೆ ಹಗ್ಗ, ಕೈಯಲ್ಲಿ ಕುಡುಗೋಲು. ಹಗ್ಗದ ಇನ್ನೊಂದು ತುದಿ ಗೋಡೆಯ ನೆತ್ತಿಯ ತೆನೆಗಲ್ಲಿಗೆ ಒಂದು ಸುತ್ತು ಸುತ್ತಿ, ತಮ್ಮ ಬೈರಣ್ಣನ ಕೈ ಸೇರಿದೆ. ಕಲ್ಲುಸಂದಿಯಿಂದ ಗೇಣುದ್ದದ ಅರಳಿ ಸಸಿಯೊಂದು ಇಣುಕುತ್ತಿದೆ. "ಬಾ ನಮ್ಮಪ್ಪ, ಇಲ್ಲೇನು ಕೆಲಸ ನಿಂಗೆ? ಕೆರೆ ಏರಿ ಮೇಲೆ ಕೂರುಸ್ತೀನಿ" ಎಂದು ಅದನ್ನು ಪುಸಲಾಯಿಸುತ್ತ, ಬೇರು ತುಂಡಾಗದಂತೆ ಎಳೆದುಕೊಳ್ಳುತ್ತಾರೆ.

"ಅಕ್ಕಾ, ಮಾತು ಸಾಕು, ಕೈ ನೋಯ್ತಾ ಐತೆ!" ಮೇಲಿಂದ ಬೈರಣ್ಣನ ಕೂಗು.

"ಲೇ, ನಾನೇನು ರಾಗಿ ಮೂಟೆನೇನೋ? ಸುಮ್ನೆ ಹಿಡ್ಕೊಳ್ಳೋ!"

ಐವತ್ತರ ಆಸುಪಾಸಿನ ಪಿಳ್ಳಮ್ಮನ ಕಸುಬು ಇದೇ, ಕೋಟೆಯ ಮೇಲೆ ಬೆಳೆಯುವ ಗಿಡಗಂಟಿ ತೆಗೆಯುವುದು. ಗಂಡ ತೀರಿಕೊಂಡ ವರ್ಷ ಸೊಂಟಕ್ಕೆ ಕಟ್ಟಿದ ಹಗ್ಗ, ಹದಿನಾಲ್ಕು ವರ್ಷವಾಯಿತು. ದಿನಕ್ಕೆ ಹತ್ತು ಮಾರು ಗೋಡೆ, ಇಪ್ಪತ್ತು ಮೂವತ್ತು ಸಸಿ. ಕೋಟೆ ಒಂದು ಸುತ್ತು ಬರಲು ನಾಲ್ಕು ತಿಂಗಳು ಬೇಕು. ಅಷ್ಟರಲ್ಲಿ ಶುರು ಮಾಡಿದ ಕಡೆ ಮತ್ತೆ ಹಸಿರು ಎದ್ದಿರುತ್ತದೆ. ಬೇರೆಯವರಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಇವರು ನಗುತ್ತಾರೆ.

ನೋಡಿದವರಿಗೆ ಒಂದು ಅನುಮಾನ ಬರುತ್ತದೆ. ಇವರು ಎಲ್ಲವನ್ನೂ ಕೀಳುವುದಿಲ್ಲ! ಅರಳಿ, ಆಲ, ಲಂಟಾನ ಒಂದನ್ನೂ ಉಳಿಸುವುದಿಲ್ಲ. ಗರಿಕೆಯನ್ನು ಮುಟ್ಟುವುದಿಲ್ಲ. ಅಣ್ಣೆಸೊಪ್ಪು, ಗಣಿಕೆಸೊಪ್ಪುಗಳ ಕುಡಿ ಮಾತ್ರ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಾರೆ.

ಯಾಕೆಂದು ಕೇಳಿದರೆ ಪಿಳ್ಳಮ್ಮನ ಉತ್ತರ ಸಿದ್ಧ: "ಅರಳಿ ಬೇರು ಕಲ್ಲು ಸೀಳ್ತದೆ ಸ್ವಾಮಿ. ಗರಿಕೆ ಬೇರು ಮಣ್ಣು ಹಿಡ್ಕೊಂತದೆ. ಕಳ್ಳನ್ನೂ ನೆಂಟನ್ನೂ ಒಂದೇ ದೊಣ್ಣೇಲಿ ಹೊಡೆಯಕ್ಕಾಗ್ತದಾ?"

ಎರಡನೇ ಮಹಾಯುದ್ಧ ಮುಗಿದು ವರ್ಷವಾದರೂ ರೇಷನ್ನು ಮುಗಿದಿಲ್ಲ. ಅಳೆದು ಕೊಡುವ ರಾಗಿಗೆ ಮಸ್ಸೊಪ್ಪು ಜೊತೆಯಾಗಿದ್ದು ಈ ಮಡಿಲಿನಿಂದಲೇ. ಬೀದಿಯಲ್ಲಿ ಇವರ ಬೆರಕೆಸೊಪ್ಪು ಉಣ್ಣದ ಮನೆಯಿಲ್ಲ.

ಆ ಸೊಪ್ಪೇ ಇವರ ಅನ್ನಕ್ಕೆ ಸಂಚಕಾರ ತರುವುದರಲ್ಲಿತ್ತು. ಈ ಮುಂಗಾರಿನ ಮೊದಲಲ್ಲಿ ಹೊಸ ಓವರ್‌ಸಿಯರ್ ಆದಿನಾರಾಯಣಪ್ಪ ಕೋಟೆ ನೋಡಲು ಬಂದರು. ಗೋಡೆಯ ಮೇಲೆ ಹಸಿರು ಕಂಡು ಕೆಂಡಾಮಂಡಲವಾದರು.

"ಸರ್ಕಾರದ ಗೋಡೆ ಮೇಲೆ ಸೊಪ್ಪಿನ ತೋಟ ಮಾಡ್ಕೊಂಡಿದ್ದೀಯೇನಮ್ಮಾ? ಎಲ್ಲಾ ಕೆರೆದು ಬೋಳು ಮಾಡು. ಇಲ್ಲಾಂದ್ರೆ ಸೋಮವಾರದಿಂದ ಬರಬೇಡ!"

ಪಿಳ್ಳಮ್ಮ ಗೋಡೆಯಿಂದ ಇಳಿದು ಬಂದರು. ಮುಂದಿದ್ದ ಕೊತ್ತಲಕ್ಕೆ ಕೈ ತೋರಿಸಿದರು. "ಬುದ್ಧೀ, ಈ ಕೊತ್ತಲದ ಎಡಗಡೆ ನೀವು ಹೇಳ್ದಂಗೆ ಬೋಳು ಮಾಡ್ತೀನಿ. ಬಲಗಡೆ ನನ್ನ ಪಾಡಿಗೆ ಬಿಡಿ. ಎರಡು ಮಳೆ ಹೊಯ್ಲಿ. ನನ್ನ ಕಡೆ ಒಂದು ಕಲ್ಲು ಅಲ್ಲಾಡಿದ್ರೂ ಈ ಕುಡುಗೋಲು ನಿಮ್ಮ ಕಾಲ ಹತ್ರ ಇಟ್ಟು ಹೋಗ್ತೀನಿ."

ಅದೇನು ತೋಚಿತೋ, ಸಾಹೇಬರು ಒಪ್ಪಿದರು. ಹದಿನಾಲ್ಕು ವರ್ಷದಿಂದ ಕಾದ ಗೋಡೆಯನ್ನು ಕೆರೆಯುವಾಗ ಪಿಳ್ಳಮ್ಮನಿಗೆ ಅಳುವೇ ಬಂತಂತೆ. ಆರಿದ್ರಾ ಮಳೆ ಅಂದು ಮಧ್ಯಾಹ್ನವೇ ಹಿಡಿದು, ಎರಡು ದಿನ ಬಿಟ್ಟೂ ಬಿಟ್ಟೂ ಚಚ್ಚಿತು.

ಮಳೆ ನಿಂತ ಬೆಳಿಗ್ಗೆ ಓವರ್‌ಸಿಯರ್ ಕೊಡೆ ಹಿಡಿದು ಬಂದರು. ಬೋಳು ಮಾಡಿದ ಕಡೆ ಸಂದಿಯ ಮಣ್ಣೆಲ್ಲ ಕೆಂಪು ನೀರಾಗಿ ಇಳಿದುಹೋಗಿ, ಒಂದು ಕಲ್ಲು ಅಲ್ಲಾಡುವ ಹಲ್ಲಿನಂತೆ ನಿಂತಿತ್ತು. ಇನ್ನೊಂದು ಕಡೆ ಗರಿಕೆಯ ಮೇಲಿಂದ ತಿಳಿನೀರು ತೊಟ್ಟಿಕ್ಕುತ್ತಿತ್ತು. ಮಣ್ಣು ಮಿಸುಕಿರಲಿಲ್ಲ. ಸಾಹೇಬರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕೊಡೆಯ ತುದಿಯಿಂದ ಬಲಗಡೆಯ ಹಸಿರನ್ನು ತೋರಿಸಿದರು.

"ಅಲ್ಲಮ್ಮಾ... ಅದು ಯಾವ ಸೊಪ್ಪು?"

"ಅಣ್ಣೆಸೊಪ್ಪು ಬುದ್ಧೀ. ಬೇಳೆ ಹಾಕಿ ಮಸೆದ್ರೆ ಎರಡು ಮುದ್ದೆ ಜಾಸ್ತಿ ಇಳೀತದೆ."

ಆ ದಿನ ಆದಿನಾರಾಯಣಪ್ಪನವರು ಕೊಡೆಯನ್ನು ತಲೆಕೆಳಗು ಹಿಡಿದು, ಅದರ ತುಂಬ ಸೊಪ್ಪು ಹೊತ್ತು ಪೇಟೆಬೀದಿಯಲ್ಲಿ ನಡೆದುಹೋಗಿದ್ದನ್ನು ಬೈರಣ್ಣ ಈಗಲೂ ನಡೆದು ತೋರಿಸುತ್ತಾನೆ. ಅಕ್ಕ ಗದರುತ್ತಾರೆ, ಆದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು.

ಮಾತಿನ ನಡುವೆಯೇ ಸಾಹೇಬರ ಜವಾನ ಚೀಲ ಹಿಡಿದು ಹಾಜರು. ಇವತ್ತು ಸೋಮವಾರ. ಬರಬೇಡ ಎಂದಿದ್ದ ಸೋಮವಾರವೇ ಈಗ ವಾರವಾರವೂ ಸೊಪ್ಪಿಗೆ ಆಳು ಬರುತ್ತಾನೆ.

ನಿಮಗೇನು ಬೇಕು ಎಂದು ಕೇಳಿದರೆ ಪಿಳ್ಳಮ್ಮ ಹಗ್ಗ ಮುಟ್ಟಿ ನೋಡಿಕೊಳ್ಳುತ್ತಾರೆ. "ಇದು ಸವೆದೈತೆ. ಹೊಸದೊಂದು ಕೊಟ್ರೆ ಇನ್ನೂ ಹತ್ತು ವರ್ಷ ಸುತ್ತು ಬರ್ತೀನಿ." ಆಮೇಲೆ ಇಳಿದು ಬಂದು, ಜವಾನನ ಚೀಲ ತೆಗೆದುಕೊಂಡು, ಕೊತ್ತಲದ ಬೋಳು ಮಾಡಿದ್ದ ಎಡಗಡೆಗೇ ನಡೆಯುತ್ತಾರೆ. ಮಳೆಯ ನಂತರ ತಾವೇ ಮಣ್ಣು ಮೆತ್ತಿ, ಗರಿಕೆ ನೆಟ್ಟು, ಬೀಜ ಉದುರಿಸಿದ್ದ ಆ ಸಂದಿಗಳಲ್ಲಿ ಈಗ ಎಳೆ ಅಣ್ಣೆಸೊಪ್ಪು ಎದ್ದಿದೆ.

"ಸಾಹೇಬ್ರಿಗೆ ಅವ್ರ ಕಡೇದೇ ಕೊಡ್ತೀನಿ" ಎನ್ನುತ್ತ ಕುಡಿ ಚಿವುಟುತ್ತಾರೆ. "ನೋಡಿ, ಚೆನ್ನಾಗೇ ಬಂದೈತೆ."