ಎಡಗಡೆಯ ಪಿಯಾನೊ

ಬಸ್ಸು ರಾಜೇಶ್ವರ ದಾಟಿತ್ತು. ಇಯರ್‌ಫೋನಿನಲ್ಲಿ ಎಡಗಡೆಯ ಪಿಯಾನೊ ನಿಂತುಹೋಯಿತು.

ನಾನು ರೆಕಾರ್ಡಿಂಗನ್ನು ಬೈದೆ.

ಬಸವಕಲ್ಯಾಣದಲ್ಲಿ ಮನೆ, ಹುಮನಾಬಾದಿನ ಹೈಸ್ಕೂಲಿನಲ್ಲಿ ನೌಕರಿ. ದಿನಾ ಹೋಗಿಬರುವ ಬಸ್ಸಿನಲ್ಲಿ ನನಗೊಂದು ಗೀಳು ಅಂಟಿಕೊಂಡಿತ್ತು. ಮನೆಯಲ್ಲಿ ವಚನಗಳಿಗೆ ಹಾರ್ಮೋನಿಯಂ ಪೇಟಿ ನುಡಿಸುವವಳು ನಾನು. ಜೋಡಿ ಪೇಟಿ ನುಡಿಸುವವರನ್ನು ಫೋನಿನಲ್ಲಿ ಹುಡುಕುತ್ತಿದ್ದಾಗ, ಎರಡು ಪಿಯಾನೊ ಮತ್ತು ಆರ್ಕೆಸ್ಟ್ರಾದ ಕಾನ್ಸರ್ಟೊ ಒಂದು ತಾನಾಗಿಯೇ ಬಂತು. ಇಬ್ಬರು ಎರಡು ಪಿಯಾನೊ ಮುಂದೆ ಕೂತು, ಹಿಂದಿನ ದೊಡ್ಡ ವಾದ್ಯಮೇಳದ ಜೊತೆ ಮಾತಿಗೆ ಮಾತು ಕೊಡುತ್ತಾರೆ. ಇಯರ್‌ಫೋನಿನಲ್ಲಿ ಒಬ್ಬರು ಎಡಗಿವಿಗೆ, ಇನ್ನೊಬ್ಬರು ಬಲಗಿವಿಗೆ. ಗಂಡ ಹೆಂಡತಿಯ ಜಗಳದ ನಡುವೆ ಕೂತಂತೆ. ಹೆಸರಾದ ಕೃತಿಗಳು ಬೇಗ ಮುಗಿದವು. ಆಮೇಲೆ, ಹೋದ ಶತಮಾನದಲ್ಲಿ ಬರೆದು, ಒಂದೆರಡು ಸಲ ನುಡಿಸಿ, ಎಲ್ಲರೂ ಮರೆತದ್ದನ್ನು ಹುಡುಕತೊಡಗಿದೆ. ಅಂಥದೊಂದು ಸಿಕ್ಕರೆ ಶಾಲೆ ಮುಟ್ಟುವ ತನಕ ನನ್ನಷ್ಟು ಸುಖಿ ಯಾರೂ ಇಲ್ಲ. ಆದರೆ ಆ ರೆಕಾರ್ಡಿಂಗುಗಳು ಹಳೆಯವು. ಕರಕರ ಅನ್ನುತ್ತವೆ, ನಡುವೆಯೇ ಮಂಕಾಗುತ್ತವೆ.

ಹಾಗಾಗಿ ಆ ದಿನ ಎಡಗಡೆಯದು ನಿಂತಾಗ ನನಗೆ ಆಶ್ಚರ್ಯವಾಗಲಿಲ್ಲ. ಅದನ್ನು ಇಂಟರ್ನೆಟ್ಟಿಗೆ ಹಾಕಿದ ಪುಣ್ಯಾತ್ಮನಿಗೆ, ನಿಮ್ಮ ರೆಕಾರ್ಡಿಂಗಿನಲ್ಲಿ ಎರಡನೇ ಪಿಯಾನೊ ಇಲ್ಲ ಎಂದು ಬರೆದೆ. ಮರುದಿನ ಬೇರೆ ಕಾನ್ಸರ್ಟೊದಲ್ಲೂ ಅದೇ. ಇಯರ್‌ಫೋನ್ ಕೆಟ್ಟಿದೆ ಎಂದು ಹೊಸದು ತಂದೆ. ಅದರಲ್ಲೂ ಅದೇ. ಅಂಗಡಿಯವನಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಎಡಗಿವಿ ತುಂಬಿದ ಹಾಗಿತ್ತು, ಒಳಗೆ ಗುಂಯ್ ಅನ್ನುತ್ತಿತ್ತು. ನೆಗಡಿ ಇರಬೇಕು ಅಂದುಕೊಂಡೆ. ದಿನವಿಡೀ ಮಕ್ಕಳ ತಪ್ಪು ಹಿಡಿಯುವವಳಿಗೆ ತನ್ನ ಕಿವಿಯ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಹನ್ನೆರಡನೇ ದಿನ ಇಯರ್‌ಫೋನನ್ನು ನಮ್ಮ ಮನೆಯವರ ಕೈಗೆ ಕೊಟ್ಟೆ. ಅವರದು ಬಟ್ಟೆ ಅಂಗಡಿ. ನನ್ನ ಈ ಸಂಗೀತಕ್ಕೆ ಅವರು ಇಟ್ಟ ಹೆಸರು ಗದ್ದಲ.

"ಎರಡೂ ಕಡಿ ಕೇಳಾಕತ್ತದೇನ್ ನೋಡ್ರಿ," ಅಂದೆ.

ಎರಡೂ ಕಿವಿಗೆ ಹಾಕಿಕೊಂಡು ಕೇಳಿದರು. "ಛಲೋ ಕೇಳಾಕತ್ತದಲ್ಲ. ಈ ಕಡಿ ಒಂದು, ಆ ಕಡಿ ಒಂದು."

ಕೆಟ್ಟಿದ್ದು ನಾನು.

ಅವತ್ತೇ ಹುಮನಾಬಾದಿನ ಕಿವಿ ಡಾಕ್ಟರು ಆಡಿಯೋಮೆಟ್ರಿ ಮಾಡಿಸಿದರು. ಮುಚ್ಚಿದ ಕೋಣೆ. ಸದ್ದು ಕೇಳಿದಾಗಲೆಲ್ಲ ಬಟನ್ ಒತ್ತಬೇಕು. ಬಲಗಿವಿಗೆ ಒತ್ತುತ್ತಲೇ ಇದ್ದೆ. ಎಡಗಿವಿಯ ಸರದಿ ಬಂದಾಗ, ಮಷಿನ್ ಇನ್ನೂ ಶುರುವಾಗಿಲ್ಲವೆಂದು ಕಾಯುತ್ತ ಕೂತೆ. ಹೊರಗೆ ಕರೆದರು. ಪರೀಕ್ಷೆ ಮುಗಿದಿತ್ತು.

"ಎಷ್ಟ ದಿನ ಆತ್ರಿ, ಅಕ್ಕೋರೆ?" ಡಾಕ್ಟರು ಕೇಳಿದರು.

"ಹನ್ನೆರಡು ದಿನ ಆತ್ರಿ."

"ಇದು ನರದ ತೊಂದ್ರಿ. ಮೊದಲನೇ ಎರಡು ಮೂರು ದಿನದಾಗ ಬಂದಿದ್ರ ಛಲೋ ಇತ್ತು. ಯಾಕ ಬರಲಿಲ್ರಿ?"

ತಪ್ಪು ರೆಕಾರ್ಡಿಂಗಿನದು ಅಂದುಕೊಂಡಿದ್ದೆ ಎಂದು ಹೇಗೆ ಹೇಳಲಿ?

ಸ್ಟೀರಾಯ್ಡ್ ಮಾತ್ರೆ ಶುರುವಾದವು. ಕಲಬುರಗಿಗೆ ಹೋಗಿ ಎಂಆರ್‌ಐ ಮಾಡಿಸಿದೆವು. ಅದರಲ್ಲಿ ಗಡ್ಡೆ ಗಿಡ್ಡೆ ಏನೂ ಇರಲಿಲ್ಲ, ದೇವರು ದೊಡ್ಡವನು. ಕಿವಿಯ ತಮಟೆಯೊಳಗೇ ಇಂಜೆಕ್ಷನ್ ಹಾಕಿಸಿಕೊಂಡೆ. ಮುಖ ಊದಿಕೊಂಡಿತು. ಶುಗರ್ ಏರಿತು. ಸಣ್ಣ ಮಾತಿಗೂ ಸಿಟ್ಟು ಬರುತ್ತಿತ್ತು. ಕ್ಲಾಸಿನಲ್ಲಿ ಎಡಗಡೆಯಿಂದ ಮಗು ಕರೆದರೆ ಬಲಗಡೆ ತಿರುಗುತ್ತಿದ್ದೆ. ಮಕ್ಕಳು ಮೊದಮೊದಲು ನಕ್ಕರು. ಆಮೇಲೆ ನಗುವುದನ್ನು ಬಿಟ್ಟರು. ಅದು ನನ್ನನ್ನು ಹೆಚ್ಚು ನೋಯಿಸಿತು. ಬಲಗಿವಿಯೂ ಹೀಗೇ ಹೋದರೆ ಎಂಬ ಭಯ ಈಗಲೂ ಇದೆ. ಬೆಳಿಗ್ಗೆ ಎದ್ದ ಕೂಡಲೇ ಆ ಕಿವಿಯ ಹತ್ತಿರ ಬೆರಳು ಉಜ್ಜಿ, ಸದ್ದು ಬಂದ ಮೇಲೇ ಹಾಸಿಗೆ ಬಿಡುತ್ತೇನೆ.

ಕೊನೆಯ ಪರೀಕ್ಷೆಯ ನಕ್ಷೆಯಲ್ಲಿ, ಆಡಿಯೋಗ್ರಾಮಿನಲ್ಲಿ, ಎಡಗಿವಿಯ ಗೆರೆ ತುಸು ಮೇಲೆ ಬಂದಿತ್ತು. "ಇಷ್ಟ ಬಂದದ್ದ ದೊಡ್ಡದು ಅನ್ರಿ," ಎಂದರು ಡಾಕ್ಟರು. ಹಾಗೇ ಅಂದುಕೊಂಡೆ. ಬಾಗಿಲು ಬಡಿದದ್ದು ಕೇಳುತ್ತದೆ. ಮಾತು ತಿಳಿಯುವುದಿಲ್ಲ.

ಫೋನಿನಲ್ಲಿ ಎರಡೂ ಕಡೆಯ ಸದ್ದನ್ನು ಒಂದೇ ಕಿವಿಗೆ ಕಳಿಸುವ ಸೌಕರ್ಯವಿದೆ. ಅದನ್ನು ಮಾಡಿಕೊಂಡು, ನನಗೆ ತುಂಬ ಪ್ರೀತಿಯ ಕಾನ್ಸರ್ಟೊ ಹಾಕಿದೆ. ಒಂದು ಸ್ವರವೂ ತಪ್ಪದೆ ಎಲ್ಲ ಬಂತು. ಪ್ರಶ್ನೆ ಕೇಳಿದವರು ಯಾರು, ಉತ್ತರ ಕೊಟ್ಟವರು ಯಾರು, ತಿಳಿಯಲಿಲ್ಲ. ಬಸ್ಸಿನಲ್ಲೇ ಅತ್ತುಬಿಟ್ಟೆ. ಮೊದಲು ಕೇಳಿದ್ದ ಯಾವುದನ್ನೂ ಈಗ ಹಾಕುವುದಿಲ್ಲ. ಎಂದೂ ಕೇಳದಿದ್ದುದನ್ನೇ ಹುಡುಕುತ್ತೇನೆ. ಅವನ್ನು ಎರಡು ಕಿವಿಯಿಂದ ಕೇಳಿದ ನೆನಪಿಲ್ಲ, ಹಾಗಾಗಿ ಏನು ಕಳೆಯಿತೆಂದು ಗೊತ್ತಾಗುವುದಿಲ್ಲ. ಇದು ನನಗೆ ನಾನೇ ಹಾಕಿಕೊಳ್ಳುವ ಟೋಪಿ, ಬಲ್ಲೆ. ಆದರೂ ಕೇಳಲು ಇನ್ನೂ ಒಂದು ಕಿವಿಯಿದೆ.

ಹೋದ ಭಾನುವಾರ ಅಂಥದೊಂದು ಸಿಕ್ಕಿತು, ಮನೆಯಲ್ಲೇ ಕೇಳುತ್ತ ಕೂತಿದ್ದೆ. ನಮ್ಮ ಮನೆಯವರು ಈಗ ನನ್ನ ಬಲಗಡೆಗೇ ಬಂದು ಕೂಡುತ್ತಾರೆ. ನನ್ನ ಮುಖ ನೋಡಿ ಕೇಳಿದರು: "ಎಷ್ಟ ಮಂದಿ ಬಾರ್ಸಾಕತ್ತಾರ?"

"ಇಬ್ರು ಅಂತ ಬರ್ದಾರ್ರಿ," ಅಂದೆ.