ಉಪ್ಪಿನ ಗಡಿಗೆ ಮತ್ತು ಗಜೇಂದ್ರ

ಆ ದಿನಗಳಲ್ಲಿ ಮಸಿನಗುಡಿಯಲ್ಲಿ ನಮಗೆ ಊಟಿಯಿಂದ ಇಳಿಯುವ ಬಸ್ಸೇ ಗಡಿಯಾರ. ಸಂಜೆ ಐದೂ ಮುಕ್ಕಾಲಿಗೆ ಅದು ನಮ್ಮ ಮನೆಯ ಹತ್ತಿರದ ತಿರುವಿನಲ್ಲಿ ಒಮ್ಮೆ ಹಾರ್ನ್ ಹಾಕುತ್ತಿತ್ತು. ಅಮ್ಮ ಅವರೆಕಾಳಿನ ಉದಕಕ್ಕೆ, ನಮ್ಮ ಕಡೆಯ ಸಾರಿಗೆ, ಒಗ್ಗರಣೆ ಇಡುತ್ತಿದ್ದಳು, ನಾನು ಆಡುತ್ತಿದ್ದ ಹುಣಸೆಬೀಜಗಳನ್ನು ಲಂಗದ ಮಡಿಲಿಗೆ ಬಳಿದುಕೊಂಡು ಒಳಗೆ ಓಡುತ್ತಿದ್ದೆ. ಆ ಸಂಜೆ ಐದೂ ಮುಕ್ಕಾಲಿಗೆ ಹಾರ್ನ್ ಹೊಡೆದುಕೊಂಡಿತು, ಆದರೆ ನಿಲ್ಲಲಿಲ್ಲ. ಡ್ರೈವರು ಅದನ್ನು ಒತ್ತಿ ಹಿಡಿದೇ ಇದ್ದ. ರಸ್ತೆಯ ಮೇಲಿದ್ದ ಒಂಟಿ ಸಲಗ ಆ ಸದ್ದಿಗೆ ಬೆದರಿ ಲಂಟಾನ ಪೊದೆ ಮುರಿದುಕೊಂಡು ನೇರ ನಮ್ಮ ಹಿತ್ತಲಿಗೆ ಇಳಿಯಿತು.

ಅದು ಬಂದದ್ದು ಹಾರ್ನಿಗೆ ಬೆದರಿ, ನಿಂತದ್ದು ಉಪ್ಪಿಗಾಗಿ.

ನಾವು ಮೂಲತಃ ಕೋತಗಿರಿ ಕಡೆಯ ಹಟ್ಟಿಯವರು. ಅಪ್ಪನಿಗೆ ಕರೆಂಟು ಸ್ಟೇಷನ್ನಿನಲ್ಲಿ ಕೆಲಸ ಸಿಕ್ಕಿದ್ದರಿಂದ ಕೆಳಗೆ ಬಂದೆವು. ಜೊತೆಗೆ ಹೆತ್ತಪ್ಪ, ಹೆತ್ತೆ. ನಮ್ಮ ಬಡಗ ಮಾತಿನಲ್ಲಿ ಅಜ್ಜ ಅಜ್ಜಿಗೆ ಹಾಗನ್ನುತ್ತೇವೆ. ಅವರ ಜೊತೆ ಎರಡು ಎಮ್ಮೆಗಳೂ ಬಂದವು. ಎಮ್ಮೆ ಬಂದ ಮೇಲೆ ಉಪ್ಪಿನ ಹಬ್ಬವೂ ಬರಲೇಬೇಕಲ್ಲ. ವರ್ಷಕ್ಕೊಮ್ಮೆ ದನ ಎಮ್ಮೆಗಳಿಗೆ ಉಪ್ಪುನೀರು ಕುಡಿಸುವ ಹಬ್ಬ ಅದು. ಮೇಲೆ ಹಟ್ಟಿಯಲ್ಲಿ ಅದನ್ನು ಮನೆಗಳಿಂದ ದೂರ, ಹಳ್ಳದ ಪಕ್ಕ ಮಾಡುತ್ತಿದ್ದರು. ಇಲ್ಲಿ ಹಳ್ಳ ಎಲ್ಲಿಂದ ತರುವುದು? ಹೆತ್ತೆ ಅಡುಗೆಮನೆಯ ಹಿಂದೆಯೇ ಗುಂಡಿ ತೋಡಿಸಿ, ಜೇಡಿ ಮೆತ್ತಿಸಿ, ಅದರಲ್ಲಿ ಉಪ್ಪು ಕರಗಿಸಿದಳು. ಮಿಕ್ಕ ಹರಳುಪ್ಪನ್ನು ಗಡಿಗೆಯಲ್ಲಿ ತುಂಬಿ ಅಡುಗೆಮನೆಯ ಒಳಗೆ, ಕಿಟಕಿಯ ಕೆಳಗಿಟ್ಟಳು. ಹಬ್ಬದ ಗಡಿಗೆ ಕೈತಪ್ಪಿದರೆ ಎಮ್ಮೆಯ ಹಾಲು ಬತ್ತುತ್ತದೆ ಎಂಬುದು ಅವಳ ಅತ್ತೆ ಹೇಳಿಕೊಟ್ಟ ಮಾತು.

ಎದುರುಮನೆಯ ಸೆಲ್ವಿ ಅಕ್ಕ ಗುಂಡಿಯನ್ನು ನೋಡಿ ಎದೆ ಮೇಲೆ ಕೈಯಿಟ್ಟುಕೊಂಡಿದ್ದಳು. ಹೆತ್ತೆಯನ್ನು ಅವಳು ತಮಿಳಿನಲ್ಲಿ ಪಾಟಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದಳು. "ಪಾಟಿ, ಇದು ಆನೆ ಇರೋ ಊರು. ನಾವು ಉಪ್ಪಿನಕಾಯಿ ಜಾಡೀನೂ ಒಳಗೇ ಇಡ್ತೀವಿ. ಮುಚ್ಚಿಬಿಡಿ."

"ಬಂದ್ರೆ ಬರ್ಲಿ ಬುಡು," ಎಂದಳು ಹೆತ್ತೆ. "ಅದೂ ಒಂದು ಗುಟುಕು ಕುಡೀಲಿ. ನಿನ್ನ ಮನೆ ಕಾಪಿಗಿಂತ ರುಚಿಯಾಗಿದೆ."

ಸೆಲ್ವಿ ಅಕ್ಕನೂ ನಕ್ಕಳು. ನಾವೆಲ್ಲ ನಕ್ಕೆವು.

ನನಗೆ ಆಗ ಆನೆಯೆಂದರೆ ಹೆತ್ತಪ್ಪನ ಕಥೆಯ ಆನೆ. ಸಂಜೆ ಜಗಲಿಯಲ್ಲಿ ಕಂಬಳಿ ಹೊದ್ದು ಅವರು ಕಥೆ ಹೇಳುತ್ತಿದ್ದರು. ಕಥೆಗಿಂತ ಅದರ ಒಳಗಿನ ಅರ್ಥದಲ್ಲೇ ಅವರಿಗೆ ಆಸೆ. ರಾವಣನ ಹತ್ತು ತಲೆ ಹತ್ತು ಕಡೆ ಓಡುವ ಮನಸ್ಸು. ಗಣಪತಿಯ ದೊಡ್ಡ ಕಿವಿ ಹೆಚ್ಚು ಕೇಳು ಎನ್ನುವುದಕ್ಕೆ, ಸಣ್ಣ ಕಣ್ಣು ಸೂಕ್ಷ್ಮ ನೋಡು ಎನ್ನುವುದಕ್ಕೆ. ಎಲ್ಲಕ್ಕಿಂತ ಅವರಿಗೆ ಇಷ್ಟವಾದದ್ದು ಕೊಳದಲ್ಲಿ ಮೊಸಳೆಗೆ ಕಾಲು ಸಿಕ್ಕಿಸಿಕೊಂಡ ಗಜೇಂದ್ರನ ಕಥೆ.

"ಆನೆ ಅಂದ್ರೆ ನಂಗ," ಎನ್ನುತ್ತಿದ್ದರು. ನಂಗ ಅಂದರೆ ನಾವು. "ಕೊಳ ಅಂದ್ರೆ ಲೋಕ. ಮೊಸಳೆ ಅಂದ್ರೆ ಸಂಸಾರ."

"ಮೊಸಳೆ ಯಾಕೆ ಬಿಡೋದಿಲ್ಲ ಹೆತ್ತಪ್ಪ?"

"ಹಿಡಿಯೋದು ಮಾತ್ರ ಅದಕ್ಕೆ ಗೊತ್ತು. ಬಿಡೋದನ್ನ ಯಾರೂ ಕಲಿಸಿಲ್ಲ. ಅದೂ ಶಾಪ ಹೊತ್ತ ಗಂಧರ್ವ, ಕೂಸೆ. ಕೊನೆಗೆ ಇಬ್ಬರಿಗೂ ಬಿಡುಗಡೆ ಆತು."

ಪಕ್ಕದಲ್ಲಿ ಅವರೆ ಸುಲಿಯುತ್ತಿದ್ದ ಹೆತ್ತೆ, "ಇವರಿಗೆ ಎಲ್ಲಾ ಅರ್ಥ ಆಗ್ತದೆ, ಎಮ್ಮೆ ಕಟ್ಟೋದೊಂದು ಬಿಟ್ಟು," ಎಂದು ಗೊಣಗುತ್ತಿದ್ದಳು.

ಆ ಸಂಜೆ ಅಪ್ಪ ಕೆಲಸದಲ್ಲಿದ್ದ. ಸಲಗ ಗುಂಡಿಯ ನೀರನ್ನು ಎರಡೇ ಸಲಕ್ಕೆ ಹೀರಿತು. ಆಮೇಲೆ ಒದ್ದೆ ಜೇಡಿಯನ್ನು ಕಾಲಿನಿಂದ ಕೆರೆದು ಬಾಯಿಗಿಟ್ಟುಕೊಂಡಿತು. ಕೊಟ್ಟಿಗೆಯಲ್ಲಿ ಎಮ್ಮೆಗಳು ಹಗ್ಗ ಜಗ್ಗುತ್ತಿದ್ದವು. ಅಮ್ಮ ನನ್ನನ್ನು ನಡುಮನೆಯ ಗೋಡೆಗೆ ಒತ್ತಿ ಹಿಡಿದುಕೊಂಡಿದ್ದಳು. ಹೆತ್ತೆ ಅಡುಗೆಮನೆಯಲ್ಲಿ ಒಲೆಯ ಕೊಳ್ಳಿ ಆರಿಸುತ್ತಿದ್ದಳು. ಅಮ್ಮ ಪಿಸುಗುಟ್ಟುತ್ತಲೇ ಕರೆದಳು, "ಅತ್ತೆ, ಬನ್ನಿ. ಅದು ಹೋಗ್ತದೆ, ಬನ್ನಿ."

ಅದು ಹೋಗಲಿಲ್ಲ. ಕಿಟಕಿಯ ಮರದ ಸರಳುಗಳು ಕಡ್ಡಿ ಮುರಿದಂತೆ ಮುರಿದವು. ಸೊಂಡಿಲು ಒಳಗೆ ಬಂತು.

ಮುಂದೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠದಲ್ಲಿ ಸೊಂಡಿಲಿನ ಚಿತ್ರ ಬಂದ ದಿನ ನಾನು ಎದ್ದು ಹೊರಗೆ ಹೋಗಿ ನಿಂತಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಅದರ ತುದಿ ಕಾಣುತ್ತದೆ. ಒದ್ದೆಯಾಗಿ, ನಸುಗೆಂಪಾಗಿ, ಒಂದು ಬೆರಳಿನಂತೆ. ಕುರುಡರು ತಡವುವ ಹಾಗೆ ಅದು ಒಲೆಯನ್ನು, ಉದಕದ ಪಾತ್ರೆಯನ್ನು, ಒರಳನ್ನು ಮುಟ್ಟಿ ಮುಟ್ಟಿ ಮುಂದೆ ಸರಿಯಿತು. ಕೆಸರು ಮತ್ತು ಜಜ್ಜಿದ ಲಂಟಾನದ ವಾಸನೆ ಮನೆ ತುಂಬಿತು. ಮುರಿದ ಕಿಟಕಿಯಾಚೆ ಒಂದು ಸಣ್ಣ ಕಣ್ಣು ಇತ್ತು. ಸೂಕ್ಷ್ಮ ನೋಡುವ ಕಣ್ಣು. ಅದರಲ್ಲಿ ನಾವ್ಯಾರೂ ಇರಲಿಲ್ಲ.

ಸೊಂಡಿಲು ಗಡಿಗೆಯ ಕಂಠವನ್ನು ಸುತ್ತಿದ ಕ್ಷಣವೇ ಹೆತ್ತೆ ಬಗ್ಗಿ ಗಡಿಗೆಯ ಹೊಟ್ಟೆಯನ್ನು ಎರಡೂ ತೋಳಿನಿಂದ ತಬ್ಬಿದಳು.

"ಬುಡು! ಹಬ್ಬದ್ದು ಇದು!" ಎಂದಳು. ಮಕ್ಕಳಿಗೆ ಗದರುವ ದನಿ.

ಆನೆ ಜಗ್ಗಿತು. ಹೆತ್ತೆ ಗಡಿಗೆಯ ಜೊತೆಗೇ ಗೋಡೆಗೆ ಬಡಿದಳು. ಆದರೂ ಬಿಡಲಿಲ್ಲ. ಅವಳ ಎಡಗೈ ಸೊಂಡಿಲಿಗೂ ಗಡಿಗೆಗೂ ನಡುವೆ ಸಿಕ್ಕಿತು, ಏನೋ ಒಣಗಿದ್ದು ಮುರಿದ ಸದ್ದಾಯಿತು. ಕಿಟಕಿಯ ಮೇಲಿನ ಕಲ್ಲುಗಳ ಸಂದಿನಿಂದ ಮಣ್ಣು ಉದುರತೊಡಗಿತು. ಅಮ್ಮ ಕಿರುಚಿದಳು. ಹೆತ್ತಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ಕೈ ಮುಗಿದು ನಿಂತಿದ್ದರು. "ಹೋಗು ಸ್ವಾಮಿ, ಹೋಗಪ್ಪ ಸ್ವಾಮಿ," ಎಂದು ಆನೆಗೆ ಹೇಳುತ್ತಿದ್ದರು. ಆಮೇಲೆ ಅವರ ಕಣ್ಣು ಆನೆಯಿಂದ ಹೆತ್ತೆಯ ಕಡೆ ತಿರುಗಿತು. ಮುಗಿದ ಕೈ ಬಿಚ್ಚಿಕೊಂಡಿತು.

"ಮಾದೀ! ಮೊಸಳೆ ನೀನೇ ಕಣೇ! ಬುಡು! ಮಾದೀ, ಬುಡು!"

ಅವರು ಹೆತ್ತೆಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಆ ಕಾಲದವರು ಹಾಗೆ ಕರೆಯುತ್ತಿರಲಿಲ್ಲ. "ಇಲ್ಲಿ ಕೇಳು" ಎಂಬುದೇ ಅವಳ ಹೆಸರಾಗಿತ್ತು. ಹೆತ್ತೆ ತಲೆಯೆತ್ತಿ ಅವರ ಮುಖ ನೋಡಿದಳು. ಆನೆಯನ್ನೇ ಮರೆತವಳ ಹಾಗೆ. ತೋಳು ಸಡಿಲಿತು.

ಗಡಿಗೆ ಕಿಟಕಿಯ ಅಂಚಿಗೆ ತಾಗಿ ಒಡೆದು ಹೊರಗೆ ಹೋಯಿತು. ಹೆತ್ತಪ್ಪ ಅವಳ ಸೆರಗು ಹಿಡಿದು ಎಳೆದುಕೊಂಡರು. ಅವಳು ಇದ್ದ ಜಾಗಕ್ಕೆ ಕಿಟಕಿಯ ಮೇಲಿನ ಕಲ್ಲುಗಳೆಲ್ಲ ಕುಸಿದು ಬಿದ್ದವು.

ಎಲ್ಲರೂ ನಡುಮನೆಯಲ್ಲಿ ಮುದುರಿ ಕೂತೆವು. ಹೊರಗೆ ಅದು ಚೂರುಗಳ ನಡುವಿನಿಂದ ಹರಳುಪ್ಪು ಆಯ್ದು ತಿನ್ನುವ ಕರ ಕರ ಸದ್ದು. ಅಷ್ಟು ಸಾವಧಾನವಾಗಿ ತಿನ್ನುವುದನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಬೆಳಕು ಪೂರ್ತಿ ಆರುವ ಮೊದಲು ಸೆಲ್ವಿ ಅಕ್ಕನ ಮನೆಯವರು ತಗಡು ಬಡಿದರು, ಅರಣ್ಯದವರ ಜೀಪು ಬಂತು, ಪಟಾಕಿ ಸಿಡಿಯಿತು. ಸಲಗ ತಿರುಗಿ ನೋಡದೆ ಪೊದೆಯೊಳಗೆ ಹೋಯಿತು.

ಉಪ್ಪು ಇಂಗಿದ ನೆಲ ಮಾತ್ರ ಅಲ್ಲೇ ಇತ್ತು. ಅದನ್ನು ನೆಕ್ಕಲು ಆನೆ ಮತ್ತೆ ಮತ್ತೆ ಬಂತು. ಅಪ್ಪ ಗೋಡೆಗೆ ತಗಡು ಹೊಡೆದ. ನಾವೆಲ್ಲ ಒಂದೇ ಕೋಣೆಯಲ್ಲಿ ಮಲಗಿ ಒಬ್ಬರ ಉಸಿರನ್ನು ಒಬ್ಬರು ಎಣಿಸಿದೆವು. ಹೆತ್ತೆ ಕಟ್ಟು ಹಾಕಿದ ಕೈಯನ್ನು ಎದೆಯ ಮೇಲಿಟ್ಟು ಕೂತೇ ಇರುತ್ತಿದ್ದಳು. ಅಪ್ಪ ಆ ಮಣ್ಣನ್ನು ಮೊಣಕಾಲುದ್ದ ಅಗೆದು ಮೂಟೆ ಕಟ್ಟಿ ದೂರ ಸಾಗಿಸಿದ. ಎಮ್ಮೆಗಳನ್ನು ಮೇಲೆ ಹಟ್ಟಿಗೆ ಕಳಿಸಿದೆವು. ಅವು ಲಾರಿ ಏರುವಾಗ ಹೆತ್ತೆ ಅವುಗಳ ಹಣೆ ಮುಟ್ಟಿ, "ಹಾಲು ಬತ್ತಲಿಲ್ಲ, ನೋಡು," ಎಂದು ಅತ್ತಳು.

ಅವು ಮತ್ತೆ ಬರಲಿಲ್ಲ. ಉಪ್ಪಿನ ಹಬ್ಬ ನಮ್ಮ ಮನೆಯಲ್ಲಿ ಮತ್ತೆ ಆಗಲಿಲ್ಲ. ಹೆತ್ತಪ್ಪ ಕಥೆ ಹೇಳಿದರು, ಅರ್ಥ ಹೇಳುವುದನ್ನು ಬಿಟ್ಟರು. "ಆನೆ ಅಂದ್ರೆ ಏನು ಹೆತ್ತಪ್ಪ?" ಎಂದು ನಾನೇ ಕೆಣಕಿದರೆ, "ಆನೆ" ಎನ್ನುತ್ತಿದ್ದರು. ಈಗ ನನ್ನ ಮಗಳು ಗಣಪತಿಯ ಕಿವಿ ಯಾಕೆ ದೊಡ್ಡದು ಎಂದು ಕೇಳುತ್ತಾಳೆ. ಉತ್ತರ ನನಗೆ ಗೊತ್ತು. ಅದನ್ನು ನಂಬಿ ಹೇಳುವ ಆ ಜಗಲಿಯ ದನಿ ನನ್ನಲ್ಲಿಲ್ಲ.

ಆ ವರ್ಷ ಬೇಸಿಗೆಯ ಮೊದಲ ದೊಡ್ಡ ಮಳೆ ಬಂದು ಹಿತ್ತಲು ತೊಳೆದುಹೋಯಿತು. ಮರುದಿನ ಮುಖಕ್ಕೆ ಬಿಸಿಲು ಬಿದ್ದು ಎಚ್ಚರವಾಯಿತು. ಅಮ್ಮ ಇನ್ನೂ ಮಲಗಿದ್ದಳು. ಅಪ್ಪ ಗೊರಕೆ ಹೊಡೆಯುತ್ತಿದ್ದ. ಹೆತ್ತೆ ಗೋಡೆಗೆ ಒರಗದೆ, ಕಾಲು ಚಾಚಿ, ಅಂಗೈ ಬಿಚ್ಚಿ ನಿದ್ದೆ ಹೋಗಿದ್ದಳು. ಹೆತ್ತಪ್ಪ ಮಾತ್ರ ಹಾಸಿಗೆಯಲ್ಲಿರಲಿಲ್ಲ. ಆಗಷ್ಟೇ ಎದ್ದು ಹಿತ್ತಲಿಗೆ ಹೋಗಿದ್ದರು. ನಾನು ಕಣ್ಣುಜ್ಜುತ್ತ ಹೋಗಿ ಅವರ ಪಕ್ಕ ನಿಂತೆ.

ಗುಂಡಿಯಿದ್ದ ಕಡೆ ಹೊಸ ಹೆಜ್ಜೆಗಳಿದ್ದವು. ಬಂದು, ಸ್ವಲ್ಪ ಕೆದಕಿ, ಏನೂ ಸಿಗದೆ ಹೋದ ಹೆಜ್ಜೆಗಳು. ಅಗಲವಾದ ಆ ಗುರುತುಗಳಲ್ಲಿ ಮಳೆನೀರು ನಿಂತಿತ್ತು.

"ರಾತ್ರಿ ಬಂದಿತ್ತಾ ಹೆತ್ತಪ್ಪ?"

"ಬಂದಿತ್ತು ಕಣಮ್ಮ."

"ನಿಮಗೆ ಕೇಳಿಸ್ತಾ?"

"ಇಲ್ಲೆ," ಎಂದರು. "ಯಾರಿಗೂ ಕೇಳಿಸಲಿಲ್ಲ." ಆಮೇಲೆ ನನ್ನ ಭುಜ ಹಿಡಿದು, "ಮೆಲ್ಲಗೆ ನಡಿ. ಮಾದಿ ಮಲಗವ್ಳೆ," ಎಂದರು.