ದಾಮಿಯಾನಾ ಕೆತ್ತಿದ ಗೋಡೆ

ಮಗ್ದಲೇನಾ ನದಿಯ ದಂಡೆಯ ಮೊಂಪೋಸ್ ಪಟ್ಟಣದಲ್ಲಿ ಈಸ್ಟರಿಗೆ ಮುಂಚಿನ ಪವಿತ್ರ ವಾರ ಹತ್ತಿರವಾಯಿತೆಂದರೆ ಮನೆಮನೆಗೂ ಸುಣ್ಣ ಬಳಿಯಲೇಬೇಕು. ಮೆರವಣಿಗೆಯ ದಾರಿಯಲ್ಲಿ ಕಲೆಬಿದ್ದ ಗೋಡೆ ಕಂಡಿತೋ, ಆ ಮನೆಯವರು ವರ್ಷವಿಡೀ ತಲೆ ತಗ್ಗಿಸಬೇಕು. ನಲವತ್ತು ವರ್ಷ ಆ ಸುಣ್ಣ ಕಲಸಿದವಳು ದಾಮಿಯಾನಾ. ಅವಳ ಹಿತ್ತಲ ಗುಂಡಿಯಲ್ಲಿ ಸುಣ್ಣ ತಿಂಗಳುಗಟ್ಟಲೆ ನೆನೆಯುತ್ತಿತ್ತು. ಬಳಿಯುವ ದಿನ ಅದು ಗೋಡೆಗೆ ಅಂಟಿ ನಿಲ್ಲಲೆಂದು ಪಾಪಾಸುಕಳ್ಳಿಯ ಲೋಳೆ ಬೆರೆಸುತ್ತಿದ್ದಳು. ಗೋಡೆಗೆ ಕೆನ್ನೆಯಿಟ್ಟು, ತೇವ ಎಲ್ಲಿಯವರೆಗೆ ಏರಿದೆಯೆಂದು ಹೇಳಬಲ್ಲವಳು.

ಆ ವರ್ಷ ಹಬ್ಬಕ್ಕೆ ಮೂರು ವಾರವಿರುವಾಗ ಬೆಳ್ಳಿತಂತಿಯ ಒಡವೆ ಮಾಡುವ ಬೆಲಿಸಾರಿಯೊ ಅವಳನ್ನು ಕರೆಸಿದ. ಅವನ ಮುತ್ತಜ್ಜನ ಕಾಲದ ಮನೆ. ಬೀದಿಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಬುಡದಲ್ಲಿ ಉಪ್ಪು ಹೂಬಿಟ್ಟಿತ್ತು, ಮೂಲೆಯಲ್ಲಿ ಬೂಷ್ಟು ಕರಿಗಟ್ಟಿತ್ತು. ದಾಮಿಯಾನಾ ಬೆರಳಗೆಣ್ಣಿನಿಂದ ತಟ್ಟಿದಳು. ಟೊಳ್ಳು ಸದ್ದು.

"ಸಿಮೆಂಟು ಯಾರು ಮೆತ್ತಿದ್ದು?"

"ನಾನೇ, ಚಿಕ್ಕಮ್ಮ. ಹೋದ ವರ್ಷ. ಗಟ್ಟಿಯಾಗಿರ್ಲಿ ಅಂತ."

"ಗಟ್ಟಿಯಾಗೇ ಇದೆ ಬಿಡು! ಬೆವರೋ ಮನುಷ್ಯನಿಗೆ ರಬ್ಬರ್ ಅಂಗಿ ತೊಡಿಸಿದ್ದೀಯ. ನೀರು ಬುಡದಿಂದ ಏರತ್ತೆ, ಆಚೆ ಹೋಗಕ್ಕೆ ದಾರಿ ಬೇಡ್ವಾ? ಎಲ್ಲಾ ಕೆತ್ತಿ ತೆಗೀಬೇಕು."

"ಹಬ್ಬದೊಳಗೆ ಮುಗಿಸ್ತೀರಲ್ಲ?"

"ಇಲ್ಲಪ್ಪ. ಜೂನ್ ಬಿಸಿಲಿನ ತನಕ ಗಾಳಿ ಆಡ್ಬೇಕು. ಹಬ್ಬಕ್ಕೆ ಬರೀ ಇಟ್ಟಿಗೆ."

ಬೆಲಿಸಾರಿಯೊನ ಮುಖ ಬಿಳಿಚಿಕೊಂಡಿತು. "ಮೆರವಣಿಗೆ ಮುಂದೆ ಬೆತ್ತಲೆ ಗೋಡೆನಾ? ಊರೇ ನಗತ್ತೆ. ಮೇಲೊಂದು ಕೈ ಸುಣ್ಣ ಎಳೆದುಬಿಡಿ."

"ಎಳೀತೀನಿ. ಅಕ್ಟೋಬರ್ ಮಳೇಲಿ ಗೋಡೆ ಬೀದಿಗೆ ಮಲಗಿದ್ರೆ ಆಗ್ಲೂ ನಗತ್ತೆ. ಯಾವ ನಗು ಬೇಕು, ನೀನೇ ಹೇಳು."

ಒಳಗಿನಿಂದ ಅವನ ಹೆಂಡತಿ ಓತಿಲಿಯಾ ಕೂಗಿದಳು: "ಕೆತ್ತಿ ಚಿಕ್ಕಮ್ಮ! ಇವರ ಜಂಬಾನೂ ಸೇರಿಸಿ ಕೆತ್ತಿ!"

ಕೆತ್ತಿದ್ದಾಯಿತು. ಮೆರವಣಿಗೆಯ ಸಂಜೆ ಬಿಳಿಯ ಬೀದಿಯಲ್ಲಿ ಅದೊಂದೇ ಕೆಂಪು ಗೋಡೆ. ಬೆಲಿಸಾರಿಯೊ ಒಳಗೆ ಅವಿತ. ದಾಮಿಯಾನಾ ಮಾತ್ರ ಒಳ್ಳೆಯ ಕಪ್ಪು ಉಡುಪು ತೊಟ್ಟು, ಅವನ ತೂಗುಕುರ್ಚಿಯನ್ನು ಗೋಡೆಯ ಮುಂದೆಳೆದು ಕುಳಿತಳು.

"ಏನಮ್ಮ, ಈ ಗೋಡೆಗೆ ಬಟ್ಟೆ ಇಲ್ವಾ?" ಎಂದ ಎದುರುಮನೆಯ ಮುದುಕ.

"ಮುಟ್ಟಿ ನೋಡಿ."

ಮುದುಕ ಅಂಗೈಯಿಟ್ಟ. ಇಟ್ಟಿಗೆ ನೆಂದ ರೊಟ್ಟಿಯ ಹಾಗಿತ್ತು. ಅವನ ನಗು ಅಲ್ಲಿಗೇ ನಿಂತಿತು. ಮನೆಗೆ ಹೋದವನೇ ತನ್ನ ಸಿಮೆಂಟು ಗೋಡೆಯನ್ನು ಟಕಟಕ ಬಡಿದು ನೋಡಿದ್ದು ಇಲ್ಲಿಯವರೆಗೂ ಕೇಳಿಸಿತು.

ಜೂನ್ ಮುಗಿಯುವಷ್ಟರಲ್ಲಿ ಒಣಗಿದ ಗೋಡೆಗೆ ಸುಣ್ಣದ ಗಾರೆ, ಅದರ ಮೇಲೆ ಬಿಳಿಸುಣ್ಣ ಎರಡೂ ಬಿದ್ದವು. ಅಕ್ಟೋಬರಿನಲ್ಲಿ ನದಿ ಉಕ್ಕಿದಾಗ ದಾಮಿಯಾನಾ ಬಂದು ಕೆನ್ನೆಯಿಟ್ಟಳು. ತೇವ ಮೊಣಕಾಲೆತ್ತರವನ್ನೂ ದಾಟಿರಲಿಲ್ಲ.

ಮರುವರ್ಷದ ಹಬ್ಬಕ್ಕೆ ಆ ಬೀದಿಯಲ್ಲಿ ಮೂರು ಗೋಡೆಗಳು ಬರೀ ಇಟ್ಟಿಗೆಯಲ್ಲಿ ನಿಂತಿದ್ದವು. ಬೆಲಿಸಾರಿಯೊ ತನ್ನ ಬೆಳ್ಳನೆಯ ಗೋಡೆಯ ಮುಂದೆ ಕುರ್ಚಿ ಹಾಕಿ ಕುಳಿತು, ಎದುರುಮನೆಗೆ ಕೇಳಿಸುವಂತೆ ಕೂಗಿದ:

"ಏನಜ್ಜ, ಗೋಡೆಗೆ ಬಟ್ಟೆ ಇಲ್ವಾ?"